ಬಾಟಲಿಯ ಮೇಲಿನ ಊರು: ಇಟಲಿಗೆ ಹೊಸದಾಗಿ ಬಂದವರಿಗೆ

ಟ್ಯೂರಿನ್‌ಗೆ ಓದಲೋ ಕೆಲಸಕ್ಕೋ ಬಂದವರನ್ನು ಸಹಪಾಠಿಗಳು, ಸಹೋದ್ಯೋಗಿಗಳು ಬೇಗನೆ ಮನೆಗೆ ಊಟಕ್ಕೆ ಕರೆಯುತ್ತಾರೆ. ನೆಂಟರ ಮನೆಗೆ ನಾವು ಹಣ್ಣು ಒಯ್ಯುವಂತೆ ಇಲ್ಲಿ ಒಂದು ಬಾಟಲಿ ವೈನ್ ಒಯ್ಯುವುದು ರೂಢಿ. ನೀವು ಕುಡಿಯದವರಾದರೂ ಅದನ್ನು ಆರಿಸುವ ಹೊತ್ತು ಬರುತ್ತದೆ.

ನನ್ನ ಮೊದಲ ವರ್ಷದಲ್ಲಿ, ಟಸ್ಕನಿಯ ಮೊಂಟೆಪುಲ್ಚಾನೊ ಊರಿನವರೊಬ್ಬರು ಊಟಕ್ಕೆ ಕರೆದಿದ್ದರು. ಅವರ ಊರಿನ ಹೆಸರನ್ನೇ ದೊಡ್ಡದಾಗಿ ಬರೆದಿದ್ದ ಬಾಟಲಿ ಕಂಡು ಸಂತೋಷದಿಂದ ಕೊಂಡೊಯ್ದೆ. ಅದು ‘ಮೊಂಟೆಪುಲ್ಚಾನೊ ದಾಬ್ರುತ್ಸೊ’. ಅಲ್ಲಿ ಮೊಂಟೆಪುಲ್ಚಾನೊ ಎನ್ನುವುದು ದ್ರಾಕ್ಷಿಯ ಹೆಸರು. ವೈನ್ ಬಂದದ್ದು ಏಡ್ರಿಯಾಟಿಕ್ ಕಡಲ ಕಡೆಯ ಅಬ್ರುತ್ಸೊದಿಂದ. ಅವರ ಊರಿನದು ‘ವಿನೊ ನೊಬಿಲೆ ದಿ ಮೊಂಟೆಪುಲ್ಚಾನೊ’, ಅದರ ಮುಖ್ಯ ದ್ರಾಕ್ಷಿ ಸಾಂಜೊವೇಸೆ. ಅವರು ಬೇಸರಿಸದೆ ಬಾಟಲಿಯನ್ನು ಊಟದ ಮೇಜಿನ ಮೇಲಿಟ್ಟು ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. ಇಂದಿಗೂ ನಾನು ಅದೇ ಪಾಠವನ್ನು ನೆಚ್ಚಿಕೊಂಡಿದ್ದೇನೆ: ‘ದಿ’ ಎಲ್ಲಿದೆ ಎಂದು ಹುಡುಕಿ. ನಮ್ಮ ಷಷ್ಠಿ ವಿಭಕ್ತಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ‘ಬ್ರುನೆಲ್ಲೊ ದಿ ಮೊಂಟಾಲ್ಚಿನೊ’ ಎಂದರೆ ಮೊಂಟಾಲ್ಚಿನೊದ ಬ್ರುನೆಲ್ಲೊ. ಸ್ವರದ ಮುಂದೆ ‘ದಿ’ ಸವೆದು ‘ದಾಬ್ರುತ್ಸೊ’ ಎಂಬಂತೆ ಕೂಡಿಕೊಳ್ಳುತ್ತದೆ. ಬರೋಲೊ, ಬಾರ್ಬರೆಸ್ಕೊಗಳಿಗೆ ಅದೂ ಇಲ್ಲ. ಊರಿನ ಹೆಸರೇ ವೈನಿನ ಹೆಸರು.

ಊರಿನ ಹೆಸರಿಗೆ ಕಾನೂನಿನ ಕಾವಲು 1963ರಲ್ಲಿ ಡಿಒಸಿ (‘ನಿಯಂತ್ರಿತ ಮೂಲದ ಹೆಸರು’) ಎಂಬ ಮೂರಕ್ಷರದೊಂದಿಗೆ ಬಂತು. ಅದಕ್ಕಿಂತ ಬಿಗಿಯಾದದ್ದು ಡಿಒಸಿಜಿ (ಮೂಲಕ್ಕೆ ಖಾತರಿಯೂ ಸೇರಿದ್ದು), ಸಡಿಲವಾದದ್ದು 1992ರ ಐಜಿಟಿ (ಬರೀ ಭೌಗೋಳಿಕ ಸೂಚನೆ). ಮೊದಲೆರಡರಲ್ಲಿ ದ್ರಾಕ್ಷಿಯೆಲ್ಲ ಗೊತ್ತುಪಡಿಸಿದ ಪ್ರದೇಶದಲ್ಲೇ ಬೆಳೆದಿರಬೇಕು, ಐಜಿಟಿಗೆ ಶೇ. 85 ಸಾಕು. ಡಿಒಸಿಜಿ ಬಾಟಲಿಯ ಕತ್ತಿನ ಬಳಿ ಸರ್ಕಾರಿ ಮುದ್ರಣಾಲಯದ ಸಂಖ್ಯೆಯುಳ್ಳ ಪಟ್ಟಿ ಅಂಟಿಸಿರುತ್ತಾರೆ, ಹರಿಯದೆ ಬಾಟಲಿ ತೆರೆಯಲಾಗದು. ಐಜಿಟಿಯನ್ನು ಮಾತ್ರ ಕೀಳೆಂದು ತಿಳಿಯಬೇಡಿ. ಟಸ್ಕನಿಯ ಹೆಸರಾಂತ ವೈನ್ ಟಿನ್ಯಾನೆಲ್ಲೊ ಐಜಿಟಿಯೇ.

ನನಗೆ ಬಹಳ ಇಷ್ಟವಾದ ಪ್ರಸಂಗ ಪ್ರೊಸೆಕ್ಕೊ ಎಂಬ ನೊರೆಯುಕ್ಕುವ ವೈನಿನದು. 2009ರವರೆಗೆ ಅದು ದ್ರಾಕ್ಷಿಯ ಹೆಸರಾಗಿತ್ತು. ಬಳ್ಳಿಯನ್ನು ಯಾವ ದೇಶದಲ್ಲಾದರೂ ನೆಡಬಹುದು. ಹಾಗಾಗಿ ಆ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳುವ ಅಪಾಯವಿತ್ತು. ಇಟಲಿಯು ಆ ದ್ರಾಕ್ಷಿಗೆ ‘ಗ್ಲೆರಾ’ ಎಂಬ ಹೆಸರನ್ನು ಕೊಟ್ಟು, ಪ್ರೊಸೆಕ್ಕೊವನ್ನು ವೆನೆತೊ ಮತ್ತು ಫ್ರಿಯುಲಿ ವೆನೆತ್ಸಿಯಾ ಜೂಲಿಯಾ ಪ್ರದೇಶಗಳ 9 ಜಿಲ್ಲೆಗಳಿಗೆ ಕಟ್ಟಿಹಾಕಿತು. ಟ್ರಿಯೆಸ್ಟೆಯ ಬಳಿ ಪ್ರೊಸೆಕ್ಕೊ ಎಂಬ ಊರು ಇದ್ದುದು ಅದಕ್ಕೆ ಆಧಾರವಾಯಿತು. ಕೆಂಪಗಿದ್ದ ಮೆಣಸಿನಕಾಯಿಯನ್ನೆಲ್ಲ ಬ್ಯಾಡಗಿ ಎಂದು ಮಾರುವುದನ್ನು ಕಂಡವರಿಗೆ ಈ ಹಟ ಅರ್ಥವಾಗುತ್ತದೆ. ನಮ್ಮ ಬ್ಯಾಡಗಿಗೂ ಭೌಗೋಳಿಕ ಸೂಚಕದ ರಕ್ಷಣೆಯಿದೆ.

ಅದೇ ನ್ಯಾಯ ಇಟಲಿಗೆ ನೋವನ್ನೂ ಕೊಟ್ಟಿದೆ. ಫ್ರಿಯುಲಿಯ ರೈತರು ತಲೆಮಾರುಗಳಿಂದ ‘ತೊಕಾಯ್’ ಎನ್ನುತ್ತಿದ್ದ ವೈನ್ ಹಂಗೆರಿಯ ತೊಕಾಯ್ ಪ್ರದೇಶದ ಹೆಸರನ್ನು ಹೋಲುತ್ತಿತ್ತು. 2007ರ ಮಾರ್ಚ್ ಅಂತ್ಯದ ನಂತರ ಅವರು ಅದನ್ನು ಬಿಡಬೇಕಾಯಿತು. ಈಗ ಅದು ‘ಫ್ರಿಯುಲಾನೊ’. ಅವರ ಸಂಕಟ ನಿಜವಾದದ್ದು. ಆದರೂ ಪ್ರೊಸೆಕ್ಕೊಗೆ ಒಂದು ನಿಯಮ, ತೊಕಾಯ್‌ಗೆ ಇನ್ನೊಂದು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೊಳ್ಳುವಾಗ ಹಿಂಬದಿಯನ್ನೂ ಓದಿ. ‘ಇಂಬೊತ್ತಿಲ್ಯಾತೊ ಆಲ್ಲೊರಿಜಿನೆ’ ಎಂದಿದ್ದರೆ ಮೂಲದಲ್ಲೇ ಬಾಟಲಿಗೆ ತುಂಬಿದ್ದಾರೆ ಎಂದರ್ಥ. ‘ಕ್ಲಾಸಿಕೊ’ ಎಂದರೆ ಆ ವೈನಿನ ಅತಿ ಹಳೆಯ ಸೀಮೆ. ಟಸ್ಕನಿಯ ಕ್ಯಾಂಟಿ ಕ್ಲಾಸಿಕೊ ವೈನಿನ ಬಾಟಲಿಯ ಮೇಲೆ ಕಪ್ಪು ಹುಂಜದ ಗುರುತು ಇರುತ್ತದೆ. ತುಂಬಿದವರ ವಿಳಾಸದ ಬದಲು ಕೆಲವೊಮ್ಮೆ ಬರೀ ಸಂಕೇತವಿದ್ದರೆ ಗಾಬರಿ ಬೇಡ. ಬರೋಲೊ ಊರಿನಲ್ಲಿ ಬೇರಾವುದೋ ವೈನ್ ತುಂಬುವವನು ವಿಳಾಸದ ನೆಪದಲ್ಲಿ ‘ಬರೋಲೊ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವಂತಿಲ್ಲ. ಆ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆಯಬೇಕು, ಇಲ್ಲವೇ ಸಂಕೇತದ ಹಿಂದೆ ಮರೆಸಬೇಕು.