ಗೆರಟೆ ಇಟ್ಟ ಜಾಗಕ್ಕೇ ಕೊನೆಯ ಸುತ್ತು

ಇದು ನಮ್ಮ ಊರಿನ ಓಟದ ಗುಂಪು ಮಂಗಳವಾರ ಮಾಡುವ ಇಂಟರ್ವಲ್ ಓಟದ ವಿಷಯ: ಸ್ವಲ್ಪ ಹೊತ್ತು ಓಟ, ನಡುವೆ ಬಿಡುವು, ಮತ್ತೆ ಓಟ. ನಮ್ಮ ಊರಿನವರಿಗೆ ಸಿಂಥೆಟಿಕ್ ಟ್ರ್ಯಾಕ್ ಬೇಕೆಂದರೆ ದಕ್ಷಿಣಕ್ಕೆ ನೀಲೇಶ್ವರದ ಇ.ಎಂ.ಎಸ್. ಸ್ಟೇಡಿಯಂಗೆ ಹೋಗಬೇಕು, ಇಲ್ಲವೇ ಉತ್ತರಕ್ಕೆ ಮಂಗಳೂರಿನ ಮಂಗಳಾ ಕ್ರೀಡಾಂಗಣಕ್ಕೆ. ಬೆಳಗ್ಗೆ ಓಡಿ, ಮಿಂದು, ಬಸ್ಸು ಹಿಡಿದು ಕೆಲಸಕ್ಕೆ ಹೋಗುವ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರಿಗೆ ಎರಡೂ ಆಗುವ ಮಾತಲ್ಲ. ಷಟ್ಪಥದ ಕೆಲಸ ಶುರುವಾದ ಮೇಲೆ ಹೆದ್ದಾರಿ 66ರ ಬದಿಯಲ್ಲಿ ಓಡುವುದನ್ನೂ ಬಿಟ್ಟೆವು. ಕೊನೆಗೆ ಶಾಲೆಯವರ ಒಪ್ಪಿಗೆ ಪಡೆದು ಅಲ್ಲಿನ ಮೈದಾನದಲ್ಲೇ 200 ಮೀಟರಿನ ಟ್ರ್ಯಾಕ್ ಹಾಕಿಕೊಂಡೆವು. ಮುರಕಲ್ಲಿನ ನೆಲ, ಗಟ್ಟಿ; ಮಳೆ ನಿಂತ ಮೇಲೆ ಬೇಗ ಒಣಗುತ್ತದೆ.

ಅಳತೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇರೆ ಊರಿನ ಗುಂಪುಗಳಿಗೂ ಉಪಯೋಗಕ್ಕೆ ಬಂದೀತು. 40 ಮೀಟರಿನ ಎರಡು ನೇರ ಗೆರೆ, ಎರಡೂ ತುದಿಗೆ ಒಂದೊಂದು ಅರ್ಧವೃತ್ತ. ಪ್ರತಿ ತುದಿಯಲ್ಲೂ ಎರಡು ಗೆರೆಗಳ ಸರಿ ನಡುವೆ ಗೂಟ ಹೊಡೆದು 18.8 ಮೀಟರ್ ಹಗ್ಗ ಕಟ್ಟಿ ತಿರುಗಿಸಿ ಸುಣ್ಣದ ಹುಡಿಯಲ್ಲಿ ಗೆರೆ ಎಳೆಯಬೇಕು. ಓಡುವವರ ಕಾಲು ಗೆರೆಯಿಂದ ಸುಮಾರು 30 ಸೆಂಟಿಮೀಟರ್ ಹೊರಗೆ ಬೀಳುತ್ತದೆ ಎಂಬ ಲೆಕ್ಕದಲ್ಲಿ ಎರಡು ತಿರುವು ಸೇರಿ 120 ಮೀಟರ್, ನೇರ ಭಾಗ 80, ಒಟ್ಟು 200. ದೊಡ್ಡ ಸ್ಟೇಡಿಯಂಗಳ 400 ಮೀಟರ್ ಟ್ರ್ಯಾಕಿನ ಒಂದನೇ ಲೇನನ್ನೂ ಒಳ ಅಂಚಿನಿಂದ 30 ಸೆಂಟಿಮೀಟರ್ ಹೊರಗೇ ಅಳೆಯುವುದು. ಆಮೇಲೆ ಪ್ರತಿ 50 ಮೀಟರಿಗೆ ಒಂದು ಕಲ್ಲು. ಆ ನಾಲ್ಕು ಕಲ್ಲುಗಳೇ ನಮ್ಮ ಕೋಚ್. ಇಷ್ಟು ಸಣ್ಣ ಸುತ್ತಿನಲ್ಲಿ ಕೈಗಡಿಯಾರದ ಜಿಪಿಎಸ್ ತಿರುವುಗಳನ್ನು ಕತ್ತರಿಸಿ ತೋರಿಸುತ್ತದೆ, ಅದನ್ನು ನಂಬಿ ವೇಗ ಹಿಡಿಯಲಾಗದು.

ವೇಗದ ಲೆಕ್ಕ ಸುಲಭ. 5 ಕಿಲೋಮೀಟರನ್ನು 25 ನಿಮಿಷದಲ್ಲಿ ಓಡುವವರಿಗೆ ಒಂದು ಸುತ್ತು 60 ಸೆಕೆಂಡ್, ಅಂದರೆ ಕಲ್ಲಿನಿಂದ ಕಲ್ಲಿಗೆ 15. 30 ನಿಮಿಷ ಹಿಡಿಯುವವರಿಗೆ ಸುತ್ತು 72 ಸೆಕೆಂಡ್, ಕಲ್ಲಿನಿಂದ ಕಲ್ಲಿಗೆ 18. ಮಂಗಳವಾರದ ಓಟಕ್ಕೆ ಅವರವರ ಈ ವೇಗವೇ ಸಾಕು. ಅದಕ್ಕಿಂತ ಜೋರಾಗಿ ಓಡಬಲ್ಲೆ ಎಂದು ಮೊದಲ ಸುತ್ತಿನಲ್ಲಿ ಎಲ್ಲರಿಗೂ ಅನಿಸುತ್ತದೆ, ಅನಿಸಲೇಬೇಕು. ಗುಂಪಿನಲ್ಲಿ ಓಡುವಾಗ ಈ ಆಸೆ ಇನ್ನೂ ಹೆಚ್ಚು. ಪಕ್ಕದವರ ಹೆಜ್ಜೆ ಕೇಳಿದರೆ ಸಾಕು, ಕಾಲು ತಾನಾಗಿಯೇ ಮುಂದೆ ಹೋಗುತ್ತದೆ. ಇಂಟರ್ವಲ್ ಓಟದ ಕಷ್ಟವೆಲ್ಲ ಇರುವುದು ಆ ಕಾಲನ್ನು ತಡೆಯುವುದರಲ್ಲಿ ಎಂದು ನನಗೆ ಈಗ ಖಚಿತವಾಗಿದೆ.

ನಮ್ಮಲ್ಲಿ ಶಾಲಾ ಮಾಷ್ಟ್ರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಟೀಚರಮ್ಮನ ಮಗಳು, ಬಸ್ಸಿನ ಕಂಡಕ್ಟರ್, ಐವತ್ತು ದಾಟಿದ ಅಡಕೆ ಕೃಷಿಕರು, ಎಲ್ಲರೂ ಇದ್ದಾರೆ. ವೇಗ ಒಬ್ಬೊಬ್ಬರದು ಒಂದೊಂದು. 400 ಮೀಟರ್ ಎಂದು ದೂರ ಗೊತ್ತು ಮಾಡಿದರೆ ಮುಂದಿನವರು ಮುಗಿಸಿ ಸುಧಾರಿಸಿಕೊಂಡು ಹೊರಡುವಾಗ ಹಿಂದಿನವರು ಇನ್ನೂ ಏದುಸಿರಿನಲ್ಲಿ ಬರುತ್ತಿರುತ್ತಾರೆ. ವಿಶ್ರಾಂತಿ ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುತ್ತದೆ. ಅದಕ್ಕೆ ನಾವು ದೂರ ಬಿಟ್ಟು ಸಮಯ ಹಿಡಿದೆವು. ಸೀಟಿ ಊದಿದಾಗ ಎಲ್ಲರೂ ಒಂದೇ ಗೆರೆಯಿಂದ ಹೊರಡುವುದು. ಎರಡು ನಿಮಿಷಕ್ಕೆ ಮತ್ತೆ ಸೀಟಿ, ಎಲ್ಲಿದ್ದೀರೋ ಅಲ್ಲೇ ನಿಲ್ಲುವುದು. ಆಮೇಲೆ ಎರಡು ನಿಮಿಷ ನಡಿಗೆ. ಇಂಥ ಒಂದೊಂದು ಎರಡು ನಿಮಿಷದ ಓಟಕ್ಕೂ ನಾವು ಸುತ್ತು ಎಂದೇ ಹೇಳುವುದು. 200 ಮೀಟರಿನ ಸುತ್ತಿನಲ್ಲಿ ಯಾರು ಎಲ್ಲಿ ನಿಂತರೂ ಹೊರಟ ಗೆರೆ ಹಿಂದಕ್ಕೋ ಮುಂದಕ್ಕೋ 100 ಮೀಟರಿನೊಳಗೇ ಇರುತ್ತದೆ. ಹತ್ತಿರದ ಕಡೆಯಿಂದ ನಡೆದು ಬಂದರೆ ಮುಂದಿನ ಸೀಟಿಗೆ ಇಡೀ ಗುಂಪು ಮತ್ತೆ ಒಟ್ಟಿಗೆ. ಯಾರೂ ಹಿಂದುಳಿದವರಲ್ಲ. ಹೊಸಬರು, ಅದರಲ್ಲೂ ಹೆಂಗಸರು, ನಮ್ಮಲ್ಲಿ ನಿಂತದ್ದಕ್ಕೆ ಇದೇ ಕಾರಣ.

ಇನ್ನು ಗೆರಟೆಯ ವಿಷಯ. ಎರಡನೇ ಸುತ್ತು ಮುಗಿದಾಗ ಪ್ರತಿಯೊಬ್ಬರೂ ತಾವು ನಿಂತ ಜಾಗದ ಬದಿಗೆ ತಮ್ಮ ತೆಂಗಿನ ಗೆರಟೆ ಇಡುತ್ತಾರೆ. ಗುರುತಿಗೆ ಮೇಲೆ ಬಣ್ಣ ಬಳಿದಿರುತ್ತದೆ. ಆರು ಸುತ್ತು ಇರಲಿ, ಎಂಟು ಇರಲಿ, ಕೊನೆಯ ಸೀಟಿಗೆ ಅವರು ಆ ಗೆರಟೆಯ ಹತ್ತಿರವೇ ಇರಬೇಕು. ಐದು ಮೀಟರ್ ಹಿಂದೆ ಮುಂದೆ ಆದರೆ ಪರವಾಗಿಲ್ಲ. ಇಪ್ಪತ್ತು ಮೀಟರ್ ಹಿಂದೆ ನಿಂತರೆ ಆರಂಭ ಜೋರಾಯಿತೆಂದು ಅರ್ಥ, ಮುಂದಿನ ವಾರ ಕಲ್ಲಿನಿಂದ ಕಲ್ಲಿಗೆ ಒಂದು ಸೆಕೆಂಡ್ ನಿಧಾನ. ಯಾರೂ ಯಾರಿಗೂ ಬುದ್ಧಿ ಹೇಳಬೇಕಾಗಿಲ್ಲ. ನನ್ನ ಕಣ್ಣಿಗೆ ಗುಂಪಿನ ಉತ್ತಮ ಓಟಗಾರ್ತಿ ಎಲ್ಲರಿಗಿಂತ ಮುಂದೆ ಓಡುವವಳಲ್ಲ. ಬಿಡದೆ ಗೆರಟೆಯ ಬಳಿಯೇ ನಿಲ್ಲುವ ಒಬ್ಬ ಅಂಗನವಾಡಿ ಅಕ್ಕ. ಅವರ ಪಕ್ಕ ಓಡಿದವರೆಲ್ಲ ಸಮವಾಗಿ ಓಡಲು ಕಲಿತರು, ನಾನೂ ಅವರಲ್ಲೊಬ್ಬ.

ನಡುವಿನ ಎರಡು ನಿಮಿಷವನ್ನು ಸುಮ್ಮನೆ ಕಳೆಯುವ ಸಮಯವೆಂದು ನಾವು ಎಣಿಸುವುದಿಲ್ಲ. 1930ರ ದಶಕದಲ್ಲಿ ಜರ್ಮನಿಯ ಕೋಚ್ ವೋಲ್ಡೆಮಾರ್ ಗೆರ್ಶ್ಲರ್, ಹೃದಯ ತಜ್ಞ ಹರ್ಬರ್ಟ್ ರೈಂಡೆಲ್ ಜೊತೆಗೂಡಿ ಈ ತರಬೇತಿಗೆ ಶಾಸ್ತ್ರದ ರೂಪ ಕೊಟ್ಟವರು. ಹೃದಯ ಗಟ್ಟಿಯಾಗುವುದು ಮುಖ್ಯವಾಗಿ ಆ ಬಿಡುವಿನಲ್ಲಿ ಎಂಬುದು ಅವರ ನಂಬಿಕೆ. ಓಟದಲ್ಲಿ ನಾಡಿ ನಿಮಿಷಕ್ಕೆ 180ರವರೆಗೆ ಏರಲಿ, 120ಕ್ಕೆ ಇಳಿದ ಮೇಲೆ ಮತ್ತೆ ಓಡಿ; 90 ಸೆಕೆಂಡಿನಲ್ಲಿ ಇಳಿಯದಿದ್ದರೆ ಓಡಿದ್ದು ಅತಿಯಾಯಿತು ಎಂದು ತಿಳಿಯಿರಿ, ಇದು ಅವರ ಸೂತ್ರ. ಗೆರ್ಶ್ಲರ್ ಬಳಿ ಪಳಗಿದ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಓಡಿದ ದಾಖಲೆ 1955ರವರೆಗೆ ಮುರಿಯಲಿಲ್ಲ. 180 ಎಂಬುದು ಯುವ ಅಥ್ಲೀಟುಗಳ ಲೆಕ್ಕ, ನಮ್ಮ ಕೃಷಿಕರಿಗೆ ಅದನ್ನು ಹೊರಿಸುವುದಿಲ್ಲ. ನಾವು ನೋಡುವುದು ಇಳಿಯುವುದನ್ನು: ಕುತ್ತಿಗೆಗೆ ಬೆರಳಿಟ್ಟು 15 ಸೆಕೆಂಡ್ ಎಣಿಸಿದರೆ 30ರ ಆಸುಪಾಸು ಬರಬೇಕು, ಒಂದು ಇಡೀ ವಾಕ್ಯ ನಿಲ್ಲಿಸದೆ ಹೇಳಲು ಆಗಬೇಕು. "ಮಾಷ್ಟ್ರೇ, ಇನ್ನೊಂದು ಸುತ್ತು ಆದೀತೋ?" ಎಂದು ಕೇಳಿದಾಗ ತಲೆ ಮಾತ್ರ ಆಡಿಸಿದವರನ್ನು ಆ ಸುತ್ತಿಗೆ ಕೂರಿಸುತ್ತೇವೆ.

ಓಟಕ್ಕೆ ಮೊದಲು ಹದಿನೈದು ಇಪ್ಪತ್ತು ನಿಮಿಷ ನಿಧಾನ ಓಟ, ಮೊಣಕಾಲೆತ್ತಿ ಓಡುವುದು, 60 ಮೀಟರಿನ ನಾಲ್ಕು ಹಗುರ ಓಟ. ಕೊನೆಗೆ ಹತ್ತು ನಿಮಿಷ ನಿಧಾನ. ಒಂದು ವಾರ ಒಂದು ದಿಕ್ಕಿಗೆ ಓಡಿದರೆ ಮುಂದಿನ ವಾರ ಎಲ್ಲರೂ ಒಟ್ಟಿಗೆ ದಿಕ್ಕು ಬದಲಿಸುತ್ತೇವೆ. ಸಣ್ಣ ಟ್ರ್ಯಾಕಿನ ತಿರುವು ಬಿಗಿ, ಒಂದೇ ಕಡೆಗೆ ತಿರುಗಿದರೆ ಭಾರವೆಲ್ಲ ಒಂದೇ ಬದಿಯ ಮೊಣಕಾಲು, ಕಾಲ್ಗಂಟಿಗೆ ಬೀಳುತ್ತದೆ. ವಾರಕ್ಕೆ ಇದು ಒಂದೇ ದಿನ. ಬುಧವಾರ ಓಟ ಇಲ್ಲ, ಹೊಸಬರಿಗೆ ಗುರುವಾರವೂ ಇಲ್ಲ.

ಮಾರ್ಚ್ ದಾಟಿದರೆ ಕರಾವಳಿಯ ಸೆಕೆ ಬೇರೆಯೇ. ಬೆಳಗ್ಗಿನ ಐದೂವರೆಗೂ ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಆಗ ಕಲ್ಲಿನಿಂದ ಕಲ್ಲಿಗೆ ಒಂದು ಸೆಕೆಂಡ್ ಹೆಚ್ಚು ಕೊಟ್ಟು, ಬಿಡುವನ್ನು ಮೂರು ನಿಮಿಷ ಮಾಡುತ್ತೇವೆ. ಕುಡಿಯಲು ಉಪ್ಪು ಹಾಕಿದ ಗಂಜಿ ತೆಳಿ. ಬೊಂಡ, ಅಂದರೆ ಎಳನೀರು, ಒಳ್ಳೆಯದೇ, ಆದರೆ ಬೆವರಿನಲ್ಲಿ ಹೋದ ಉಪ್ಪಿಗೆ ತೆಳಿಯೇ ಸರಿ.

ಜೂನ್ ಬಂದರೆ ಮೈದಾನದಲ್ಲಿ ನೀರು, ಮುರಕಲ್ಲಿನ ಮೇಲೆ ಪಾಚಿ. ಸುಣ್ಣದ ಗೆರೆಯೂ ಉಳಿಯದು. ಆಗ ನಾವು ವಾಹನ ಕಡಿಮೆ ಇರುವ ಗುಡ್ಡೆಯ ಡಾಮರು ರಸ್ತೆಗೆ ಹೋಗುತ್ತೇವೆ. ಒಂದು ನಿಮಿಷ ಏರು ಓಟ, ಇಳಿಯುವುದು ನಡೆದೇ. ಏರಿನಲ್ಲಿ ವೇಗ ಕಡಿಮೆಯಾದರೂ ಉಸಿರಿಗೆ ಅಷ್ಟೇ ಕೆಲಸ, ಕಾಲಿಗೆ ಬೀಳುವ ಪೆಟ್ಟು ಕಡಿಮೆ. ಸೀಟಿ ಅಲ್ಲಿಯೂ ಒಂದೇ, ಗೆರಟೆಗಳನ್ನು ರಸ್ತೆಯ ಅಂಚಿನಲ್ಲಿ ಇಟ್ಟುಕೊಳ್ಳುತ್ತೇವೆ. ಮಳೆ ಬಿಟ್ಟು ಅಕ್ಟೋಬರಿನಲ್ಲಿ ಮೈದಾನ ಗಟ್ಟಿಯಾದ ಕೂಡಲೇ ಹೊಸ ಹಗ್ಗ ಕಟ್ಟಿ ಮತ್ತೆ ಗೆರೆ ಎಳೆಯಬೇಕು. ಈ ಸಲ ಶಾಲೆಯ ಮಕ್ಕಳೂ ನಮ್ಮೊಂದಿಗೆ ಓಡಲು ಹೆಸರು ಕೊಟ್ಟಿದ್ದಾರೆ, ಅವರಿಗೆ ಒಂದು ನಿಮಿಷದ ಸೀಟಿ ಬೇರೆಯಾಗಿಯೇ ಇಡುತ್ತೇವೆ.