ಸ್ಪ್ಯಾನಿಷ್ ವ್ಯಾಕರಣ: ಇಂಗ್ಲಿಷ್ ಬಿಟ್ಟು ಕನ್ನಡದಿಂದ ಹೋದರೆ

ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಹುಟ್ಟುವುದೇ ಇಂಗ್ಲಿಷಿನಿಂದ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಎರಡೇ ಕಾಲಂ: ಎಡಕ್ಕೆ ಮನೆಯಲ್ಲಿ ಆಡುವ ಕನ್ನಡ, ಬಲಕ್ಕೆ ಸ್ಪ್ಯಾನಿಷ್.

'ಗುಸ್ತಾರ್' (ಇಷ್ಟವಾಗು) ಕ್ರಿಯಾಪದ ಇಂಗ್ಲಿಷಿನವರಿಗೆ ತಲೆಕೆಳಗು, ನಮಗೆ ನೇರ. 'ನನಗೆ ಕಾಫಿ ಇಷ್ಟ' ಅಂದರೆ 'ಮೆ ಗುಸ್ತಾ ಎಲ್ ಕಫೆ'. 'ನನಗೆ ತಲೆ ನೋಯುತ್ತೆ' ಅಂದರೆ 'ಮೆ ದುಯೆಲೆ ಲಾ ಕಬೇಸಾ'. ಇಷ್ಟವಾದ ವಸ್ತು ಬಹುವಚನವಾದರೆ ಕ್ರಿಯಾಪದವೂ ಬಹುವಚನ: 'ಮೆ ಗುಸ್ತಾನ್ ಲೋಸ್ ಮಾಂಗೋಸ್'. ಆದರೆ ಹಸಿವಿಗೆ ಇದು ನಡೆಯುವುದಿಲ್ಲ. ಅಲ್ಲಿ 'ತೆಂಗೊ ಆಂಬ್ರೆ', ಅಂದರೆ ಹಸಿವು ನನ್ನ ಬಳಿ ಇದೆ ಅನ್ನುವ ರೀತಿ.

ಮನುಷ್ಯರನ್ನು ಹೇಳುವ ಪದಕ್ಕೆ ಮುಂಚೆ ಬರುವ 'ಆ' ಯಾಕೆ ಅಂತ ಕೇಳುತ್ತಾರೆ. ನಮ್ಮಲ್ಲಿ 'ಟಿವಿ ನೋಡಿದೆ' ಸರಿ, 'ರವಿ ನೋಡಿದೆ' ತಪ್ಪು, 'ರವಿಯನ್ನು' ಅನ್ನಲೇಬೇಕು. ಅದೇ 'ಅನ್ನು' ಇಲ್ಲಿ 'ಆ': 'ವಿ ಲಾ ತೆಲೆವಿಸಿಯೋನ್', ಆದರೆ 'ವಿ ಆ ರವಿ'. ಯಾರಾದರೂ ಒಬ್ಬ ಡಾಕ್ಟರ್ ಸಾಕು ಅಂತ ಹುಡುಕುವಾಗ 'ಬುಸ್ಕೊ ಉನ್ ಮೆದಿಕೊ', ಇಂಥವರೇ ಬೇಕಾದರೆ 'ಬುಸ್ಕೊ ಆ ಉನ್ ಮೆದಿಕೊ'. ಮದುವೆಗೆ 'ಹುಡುಗಿ ನೋಡ್ತಿದ್ದಾರೆ' ಅನ್ನುವಾಗ ನಾವೂ 'ಅನ್ನು' ಬಿಡುತ್ತೇವಲ್ಲ!

ಹೆಚ್ಚು ಒದ್ದಾಟ 'ಸೆರ್' ಮತ್ತು 'ಎಸ್ತಾರ್' ಬಗ್ಗೆ. ಎರಡೂ ಇಂಗ್ಲಿಷಿನ 'be'ಗೆ ಸಮ; 'ಅವನು', 'ಅದು' ಅನ್ನುವಾಗ ರೂಪ 'ಎಸ್' ಮತ್ತು 'ಎಸ್ತಾ'. ಶಾಶ್ವತಕ್ಕೆ ಒಂದು, ತಾತ್ಕಾಲಿಕಕ್ಕೆ ಇನ್ನೊಂದು ಅನ್ನುವ ಸೂತ್ರವನ್ನು ನಾನು ಕಲಿಸುವುದೇ ಇಲ್ಲ, ಏಕೆಂದರೆ ಸತ್ತವರಿಗೂ 'ಎಸ್ತಾ ಮುಎರ್ತೊ' ಅನ್ನುತ್ತಾರೆ. ಸಾವಿಗಿಂತ ಶಾಶ್ವತ ಇನ್ನೇನಿದೆ? ಕನ್ನಡ ವಾಕ್ಯ 'ಇದೆ, ಇದ್ದಾನೆ' ಇಲ್ಲದೆ ನಿಲ್ಲುತ್ತದೆಯೇ ಅಂತ ನೋಡಿ. 'ಅವನು ಡಾಕ್ಟರ್' ನಿಲ್ಲುತ್ತದೆ: 'ಎಸ್ ಮೆದಿಕೊ'. 'ಅವನು ಮನೆಯಲ್ಲಿದ್ದಾನೆ', 'ಅಂಗಡಿ ಮುಚ್ಚಿದೆ', 'ಸತ್ತಿದ್ದಾನೆ', ಇವೆಲ್ಲ 'ಎಸ್ತಾ'. ಗುಣವಾಚಕಗಳಲ್ಲಿ ಈ ಪರೀಕ್ಷೆ ಜಾರುತ್ತದೆ, ಏಕೆಂದರೆ 'ಮನೆ ದೊಡ್ಡದಾಗಿದೆ' ಅಂತಲೂ ಹೇಳುತ್ತೇವೆ. ಆಗ '-ದು' ಹಚ್ಚಿ ನೋಡಿ. 'ಮನೆ ದೊಡ್ಡದು' ಸಹಜ, ಆದ್ದರಿಂದ 'ಎಸ್ ಗ್ರಾಂದೆ'. ಬಿಸಿ ಕಾಫಿಗೆ 'ಕಾಫಿ ಬಿಸಿಯದು' ಅಂತ ಯಾರೂ ಅನ್ನುವುದಿಲ್ಲ, ಆದ್ದರಿಂದ 'ಎಸ್ತಾ ಕಲಿಯೆಂತೆ'.

ಎರಡು ಕಡೆ ಎಚ್ಚರ ಬೇಕು. 'ಪಾರ್ಟಿ ನಮ್ಮ ಮನೆಯಲ್ಲಿದೆ' ಅನ್ನುವಾಗ 'ಇದೆ' ಅಂದರೆ 'ನಡೆಯುತ್ತೆ', ಅಲ್ಲಿ 'ಎಸ್'. ಇನ್ನು 'ಮೇಜಿನ ಮೇಲೆ ಒಂದು ಪುಸ್ತಕ ಇದೆ' ಎಂಬುದಕ್ಕೆ 'ಆಯ್ ಉನ್ ಲಿಬ್ರೊ'. 'ಪುಸ್ತಕ ಮೇಜಿನ ಮೇಲಿದೆ' ಎಂಬುದಕ್ಕೆ 'ಎಲ್ ಲಿಬ್ರೊ ಎಸ್ತಾ'. ಪದಗಳ ಕ್ರಮವೇ ದಾರಿ ತೋರಿಸುತ್ತದೆ.

ಮುಖ್ಯವಾದ ಭೂತಕಾಲ ಎರಡಿವೆ. 'ಆಡಿದೆ', 'ಆಡುತ್ತಿದ್ದೆ' ಎಂಬ ಭೇದ ಬಹುತೇಕ ಹಾಗೇ ದಾಟುತ್ತದೆ: 'ಹುಗೆ', 'ಹುಗಾಬಾ'. ಪುಸ್ತಕಗಳು ಪುಟಗಟ್ಟಲೆ ವಿವರಿಸುವ 'ಸಬೀಆ' ಮತ್ತು 'ಸುಪೆ' ನಮಗೆ 'ಗೊತ್ತಿತ್ತು' ಮತ್ತು 'ಗೊತ್ತಾಯಿತು'. 'ಕೊನೊಸೀಆ' ಅಂದರೆ ಪರಿಚಯ ಇತ್ತು, 'ಕೊನೊಸಿ' ಅಂದರೆ ಪರಿಚಯ ಆಯಿತು. ಕೈಕೊಡುವುದು ಅವಧಿ ಹೇಳಿದಾಗ. 'ಎರಡು ವರ್ಷ ಮೆಕ್ಸಿಕೋದಲ್ಲಿದ್ದೆ' ಎಂಬಲ್ಲಿ 'ಇದ್ದೆ' ನೋಡಿ 'ವಿವೀಆ' ಅನ್ನಬೇಡಿ. ಅವಧಿ ಮುಗಿದು ಮುಚ್ಚಿದೆ, ಆದ್ದರಿಂದ 'ವಿವಿ ದೋಸ್ ಆನ್ಯೋಸ್'.

ಲಿಂಗದಲ್ಲಿ ಕನ್ನಡ ಏನೂ ನೆರವಾಗದು. ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ; 'ಲಾ ಮಾನೊ' (ಕೈ, ಸ್ತ್ರೀಲಿಂಗ), 'ಎಲ್ ಪ್ರೊಬ್ಲೆಮಾ' (ಸಮಸ್ಯೆ, ಪುಲ್ಲಿಂಗ) ಅಂತ ಜೊತೆಗೇ ಬಾಯಿಪಾಠ ಮಾಡಿ.

ಸಬ್ಜಂಕ್ಟಿವ್‌ಗೆ (ಆಸೆ, ಇನ್ನೂ ಆಗದ ಸಂಗತಿ ಹೇಳುವ ಕ್ರಿಯಾರೂಪ) ಮೊದಲ ಹಿಡಿ 'ಬರಲಿ': 'ಅವಳು ಬರಲಿ ಅಂತ ಆಸೆ' ಎಂಬುದು 'ಎಸ್ಪೆರೊ ಕೆ ವೆಂಗಾ'. ಆದರೆ 'ಬಂದಾಗ ಫೋನ್ ಮಾಡು' ಎಂಬಲ್ಲಿ ನಮ್ಮ 'ಬಂದಾಗ' ಸುಳಿವೇ ಕೊಡುವುದಿಲ್ಲ. ಬರುವುದು ಇನ್ನೂ ಮುಂದಿದ್ದರೆ 'ಕುಆಂದೊ ಯೆಗೆಸ್', ಭವಿಷ್ಯತ್ತಿನ 'ಯೆಗರಾಸ್' ಅಲ್ಲ. ದಿನಾ ಬರುವ ರೂಢಿಯಾದರೆ 'ಕುಆಂದೊ ಯೆಗಾಸ್'.