ತುಕ್ಕು ಬಿಡಿ, ಅಲಗಿನ ಬೆನ್ನು ನೋಡಿ

ದಾವಣಗೆರೆಯ ಮರಗೆಲಸದ ಶೆಡ್ಡುಗಳಲ್ಲಿ ಈಗ ಮರ ಹೆರೆದು ನುಣುಪು ಮಾಡುವ ಕೈ ಹತ್ತರಿ ಕಾಣುವುದೇ ಅಪರೂಪ. ಎಲ್ಲರ ಹತ್ತಿರ ಕರೆಂಟಿನ ಪ್ಲೇನರ್ ಇದೆ. ಕೆಲಸದಲ್ಲೂ ಪ್ಲೈವುಡ್, ಮೈಕಾನೇ ಜಾಸ್ತಿ. ಪ್ಲೈವುಡ್ಡಿಗೆ ಹತ್ತರಿ ಯಾಕೆ ಬೇಕು? ಹಾಗಾಗಿ ಅಪ್ಪ, ಅಜ್ಜ ದುಡಿಸಿದ ಉಳಿ, ಹತ್ತರಿ, ಗರಗಸ ಎಲ್ಲ ಅಟ್ಟ ಸೇರಿವೆ. ಮನೆ ಕೆಡವಿ ಕಟ್ಟುವಾಗ ಅಟ್ಟದಿಂದ ಗುಜರಿಗೆ ಬೀಳುತ್ತವೆ. ಅಲ್ಲಿ ತೂಕಕ್ಕೆ ಹಾಕಿ ಕರಗಿಸಲು ಕಳಿಸುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಅಂಥ ಉಕ್ಕು ಇವತ್ತು ಸಾವಿರಗಟ್ಟಲೆ ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ.

ನಾನು ಕಸುಬಿನ ಬಡಗಿಯಲ್ಲ. ಸಂಜೆ ಹೊತ್ತು ಮನೆ ಹಿಂದೆ ಮಣೆ, ಸ್ಟೂಲು, ಕಪಾಟು ಮಾಡುತ್ತೇನೆ. ನನ್ನ ಸಲಕರಣೆಗಳು ಹೆಚ್ಚುಕಮ್ಮಿ ಎಲ್ಲವೂ ಹೀಗೆ ಹುಡುಕಿ ತಂದು ಸರಿಮಾಡಿಕೊಂಡವು.

ಮೊದಲು ಹುಡುಕುವ ವಿಷಯ. ಹಳೇ ಊರಿನ ಗುಜರಿ ಅಂಗಡಿಯವರಿಗೆ ಒಂದು ಮಾತು ಹೇಳಿಟ್ಟಿರುತ್ತೇನೆ: ಮರಗೆಲಸದ್ದು ಏನೇ ಬಂದರೂ ಪಕ್ಕಕ್ಕೆ ಎತ್ತಿಡಿ ಅಂತ. ತೂಕದ ಬೆಲೆಗಿಂತ ಒಂದಿಷ್ಟು ಜಾಸ್ತಿ ಕೊಟ್ಟರೆ ಅವರಿಗೂ ಖುಷಿ. ಹಳೇ ಮನೆಯ ತೊಲೆ, ಬಾಗಿಲು ಮಾರುವವರ ಹತ್ತಿರವೂ ಕೇಳುತ್ತೇನೆ. ಬಡಗಿಗಳ ಮನೆಗೆ ಮಾತ್ರ ಆಯುಧಪೂಜೆ ಸಮಯದಲ್ಲಿ ಕೇಳಿಕೊಂಡು ಹೋಗುವುದಿಲ್ಲ. ಕುಂಕುಮ ಹಚ್ಚಿ ಹೂವು ಏರಿಸಿದ ಹತ್ತರಿಗೆ ಬೆಲೆ ಕೇಳುವುದು ಸರಿಯಲ್ಲ. ಆದರೆ ಯಾರ ಮನೆಯಲ್ಲಿ ಏನಿದೆ ಅಂತ ಗೊತ್ತಾಗುವುದೂ ಆ ದಿನವೇ, ಎಲ್ಲವೂ ಅಟ್ಟದಿಂದ ಕೆಳಗಿಳಿದಿರುತ್ತವೆ. ದೀಪಾವಳಿ ಕಳೆದ ಮೇಲೆ ನಿಧಾನಕ್ಕೆ ಹೋಗಿ ಮಾತಾಡಿಸುತ್ತೇನೆ.

ನನಗೆ ಒಳ್ಳೊಳ್ಳೆ ಸಾಮಾನು ಸಿಕ್ಕಿದ್ದು ಪಕ್ಕದ ಹರಿಹರದಲ್ಲಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ಲೇತ್ ಯಂತ್ರ ಮಾಡುತ್ತಿತ್ತು. ಅದರ ಸುತ್ತ ಕಬ್ಬಿಣದ ಕೆಲಸ ಬಲ್ಲವರ ಒಂದು ತಲೆಮಾರೇ ಬೆಳೆಯಿತು. ಎರಕ ಹೊಯ್ಯಬೇಕಾದರೆ ಮೊದಲು ಮರದ ಪ್ಯಾಟರ್ನ್, ಅಂದರೆ ಅಚ್ಚು ತೆಗೆಯುವ ಮಾದರಿ ಬೇಕು. ಪ್ಯಾಟರ್ನ್ ಮಾಡುವವರ ಕೈ ಬಹಳ ಸೂಕ್ಷ್ಮ, ಸಲಕರಣೆಯೂ ಅಷ್ಟೇ ಚೊಕ್ಕ. ಅಂಥ ಒಬ್ಬ ಹಿರಿಯರ ಪೆಟ್ಟಿಗೆಯಲ್ಲಿ ಒಂದು ಉಕ್ಕಿನ ಸ್ಕೇಲು ಇತ್ತು. ನನ್ನ ಸ್ಕೇಲಿನ ಪಕ್ಕ ಇಟ್ಟರೆ ಗೆರೆಗೆ ಗೆರೆ ಕೂಡಲಿಲ್ಲ, ಅವರದು ನೂರಕ್ಕೆ ಒಂದರಷ್ಟು ಉದ್ದ. ಬೀಡು ಕಬ್ಬಿಣ ತಣ್ಣಗಾಗುವಾಗ ಸುಮಾರು ಅಷ್ಟೇ ಕುಗ್ಗುತ್ತದೆ. ಆ ಲೆಕ್ಕವನ್ನು ಸ್ಕೇಲಿನಲ್ಲೇ ಸೇರಿಸಿಬಿಟ್ಟಿದ್ದಾರೆ! ಅದನ್ನು ಅವರು ಮಾರಲಿಲ್ಲ, ನಾನೂ ಕೇಳಲಿಲ್ಲ. ಉಳಿಗಳನ್ನು ಮಾತ್ರ ಕೊಟ್ಟರು. ಕೊಡುವ ಮುಂಚೆ ಕೇಳಿದ್ದು ಒಂದೇ ಮಾತು: "ಕೆಲ್ಸಕ್ಕೆ ಹಚ್ತೀಯೋ, ಗೋಡೆಗೆ ನೇತಾಕ್ತೀಯೋ ತಮ್ಮಾ?" "ಕೆಲ್ಸಕ್ಕೇ ಅಜ್ಜಾರೆ" ಅಂದೆ. "ಹಂಗಾದ್ರೆ ತಗಂಡೋಗು."

ಈಗ ಆರಿಸುವುದು. ಮೇಲಿನ ಕೆಂಪು ತುಕ್ಕು ನೋಡಿ ಹೆದರಬೇಡಿ. ಅದು ಒಂದು ರಾತ್ರಿಯ ಕೆಲಸ. ನಾನು ಮೊದಲು ನೋಡುವುದು ಅಲಗಿನ ಬೆನ್ನು, ಅಂದರೆ ಓರೆ ಇಲ್ಲದ ಚಪ್ಪಟೆ ಮುಖ. ಬಾಯಿಯ, ಅಂದರೆ ಕೊಯ್ಯುವ ಅಂಚಿನ ಹತ್ತಿರ ಅಲ್ಲಿ ತುಕ್ಕು ತಿಂದು ಆಳವಾದ ಕುಳಿ ಬಿದ್ದಿದ್ದರೆ ಬಿಟ್ಟುಬಿಡುತ್ತೇನೆ. ಎರಡು ಮುಖ ಕೂಡುವ ಗೆರೆಯೇ ಹರಿತ, ಅಲ್ವಾ? ಒಂದು ಮುಖದಲ್ಲಿ ಕುಳಿ ಇದ್ದರೆ ಆ ಗೆರೆ ಎಷ್ಟು ಮಸೆದರೂ ಹಲ್ಲುಹಲ್ಲಾಗಿಯೇ ಉಳಿಯುತ್ತದೆ. ಕುಳಿ ಬಾಯಿಯಿಂದ ಎರಡಿಂಚು ಮೇಲಿದ್ದರೆ ಚಿಂತೆ ಇಲ್ಲ.

ಆಮೇಲೆ ಹದ, ಅಂದರೆ ಉಕ್ಕಿನ ಗಟ್ಟಿತನ. ಬಾಯಿಯ ಹತ್ತಿರ ಮೂಲೆಯಲ್ಲಿ ಸಣ್ಣ ಅರ ತಾಗಿಸಿ ನೋಡಿ. ಜಾರಿದರೆ ಅಥವಾ ಕಷ್ಟಪಟ್ಟು ಕಚ್ಚಿದರೆ ಉಕ್ಕು ಗಟ್ಟಿ ಇದೆ. ಬೆಣ್ಣೆಯಂತೆ ಕೊರೆದರೆ ಯಾರೋ ಗ್ರೈಂಡರ್‌ನಲ್ಲಿ ಸುಟ್ಟಿದ್ದಾರೆ ಅಂತ ಲೆಕ್ಕ. ಹಳೇ ಉಳಿಯ ಮೇಲೆ ಶೆಫೀಲ್ಡ್, ಕಾಸ್ಟ್ ಸ್ಟೀಲ್ ಅಂತ ಇಂಗ್ಲಿಷಿನಲ್ಲಿ ಒತ್ತಿದ್ದರೆ ಬಿಡಬೇಡಿ, ಅದು ಮೂಸೆಯಲ್ಲಿ ಕರಗಿಸಿ ಮಾಡಿದ ಒಳ್ಳೇ ಉಕ್ಕು. ಹೆಸರಿಲ್ಲದವನ್ನೂ ಕಡೆಗಣಿಸಬೇಡಿ. ಲಾರಿಯ ಸ್ಪ್ರಿಂಗ್ ಪಟ್ಟಿ ಕಡಿದು ನಮ್ಮ ಕಮ್ಮಾರರು ಬಡಿದು ಕೊಟ್ಟ ಉಳಿಗಳು ಜಾಲಿಯಂಥ ಗಟ್ಟಿ ಮರಕ್ಕೂ ಜಗ್ಗುವುದಿಲ್ಲ.

ಕಬ್ಬಿಣದ ಹತ್ತರಿಯಾದರೆ ತಳದಲ್ಲಿ ಅಲಗು ಹೊರಬರುವ ಕಂಡಿಯ ಅಕ್ಕಪಕ್ಕ, ಬದಿಗಳಲ್ಲಿ ಸೀಳು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಬೀಡು ಕಬ್ಬಿಣ ಕೆಳಗೆ ಬಿದ್ದರೆ ಸೀಳುತ್ತದೆ. ಸೀಳಿದ್ದು ನನಗೆ ಬೇಡ. ಅಲಗು ಕಳೆದುಹೋಗಿದ್ದರೆ ಮಾತ್ರ ಪರವಾಗಿಲ್ಲ. ಸ್ಟ್ಯಾನ್ಲಿ ಕಂಪನಿಯ 4ನೇ ನಂಬರಿನ ಸಣ್ಣ ಹತ್ತರಿಗೂ 5ನೇ ನಂಬರಿನ 14 ಇಂಚಿನ ಜಾಕ್ ಪ್ಲೇನಿಗೂ ಅಲಗು ಎರಡಿಂಚಿನದೇ. ಒಂದರದು ಇನ್ನೊಂದಕ್ಕೆ ಕೂರುತ್ತದೆ.

ತುಕ್ಕು ತೆಗೆಯಲು ನಾನು ಬಳಸುವುದು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಲೀಟರ್ ನೀರಿಗೆ ಸುಮಾರು 50 ಗ್ರಾಂ ಹಾಕಿ, ಬಿಚ್ಚಿದ ಅಲಗನ್ನು ರಾತ್ರಿ ಮುಳುಗಿಸಿಡುತ್ತೇನೆ. ಮುಂಚೆ ಎಣ್ಣೆ, ಜಿಡ್ಡು ಸೋಪಿನಲ್ಲಿ ತೊಳೆದಿರಬೇಕು, ಇಲ್ಲದಿದ್ದರೆ ಹುಳಿ ಒಳಗೆ ಇಳಿಯುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದರೆ ಕಪ್ಪು ರಾಡಿಯಾಗಿ ಬರುತ್ತದೆ. ಕೂಡಲೇ ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಒರೆಸಿ, ಬಿಸಿಲಿಗಿಟ್ಟು ಎಣ್ಣೆ ಸವರಬೇಕು. ಒದ್ದೆ ಬಿಟ್ಟರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ದಿನಗಟ್ಟಲೆ ಹುಳಿಯಲ್ಲಿ ಇಡಬೇಡಿ, ಒಳ್ಳೇ ಕಬ್ಬಿಣವನ್ನೂ ತಿನ್ನುತ್ತದೆ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಗ್ರಾನೈಟ್ ಅಂಗಡಿಯಲ್ಲಿ ಬಿಸಾಡುವ ಪಾಲಿಷ್ ತುಂಡು ತಂದಿಟ್ಟುಕೊಂಡಿದ್ದೇನೆ. ಅದರ ಮೇಲೆ 120 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಬಳಸುವ ಉಜ್ಜುಕಾಗದ) ಒದ್ದೆ ಮಾಡಿ ಅಂಟಿಸಿ, ಅಲಗಿನ ಬೆನ್ನನ್ನು ಪೂರ್ತಿ ಚಪ್ಪಟೆಯಾಗಿ ಒತ್ತಿ ತಿಕ್ಕುತ್ತೇನೆ. ಹಿಡಿಯ ಕಡೆ ಒಂಚೂರೂ ಎತ್ತಬಾರದು. ಎಲ್ಲಿ ಹೊಳಪು ಬರುತ್ತದೋ ಅಲ್ಲಿ ಪೇಪರ್ ತಾಗುತ್ತಿದೆ, ಮಂಕಾಗಿ ಉಳಿದ ಕಡೆ ಇನ್ನೂ ತಗ್ಗು. ಬಾಯಿಯಿಂದ ಒಂದಿಂಚು ಮೇಲಿನವರೆಗೆ ಒಂದೇ ಬಣ್ಣ ಬಂದರೆ ಸಾಕು. ಆಮೇಲೆ ಇನ್ನೂ ನಯವಾದ 220, 400, 1000 ನಂಬರಿನವು. ಹಳೇ ಹತ್ತರಿಯ ಅಲಗಾದರೆ ಓರೆ ಮಸೆಯುವಾಗ ಒಂದು ಚೆಂದ ಕಾಣಿಸುತ್ತದೆ. ಓರೆಯ ಅಡ್ಡಕ್ಕೆ ತೆಳ್ಳನೆ ಗೆರೆ ಮೂಡುತ್ತದೆ. ಗೆರೆಯ ಒಂದು ಕಡೆ ಕನ್ನಡಿಯಂಥ ಗಟ್ಟಿ ಉಕ್ಕು, ಇನ್ನೊಂದು ಕಡೆ ಬೂದು ಬಣ್ಣದ ಮೆತ್ತನೆ ಕಬ್ಬಿಣ. ಎರಡನ್ನೂ ಕಾಯಿಸಿ ಬಡಿದು ಬೆಸೆದಿದ್ದಾರೆ. ಇಡೀ ಅಲಗು ಗಟ್ಟಿ ಇದ್ದರೆ ಮಸೆಯಲು ಕಷ್ಟ. ಹೀಗಿದ್ದರೆ ಕಲ್ಲಿಗೂ ಹಗುರ, ಬಾಯಿಯೂ ನಿಲ್ಲುತ್ತದೆ.

ಓರೆಯನ್ನು 25 ಡಿಗ್ರಿಗೆ ಕೂರಿಸಿ, ತುದಿಯಲ್ಲಿ ಮಾತ್ರ 30ಕ್ಕೆ ನಾಲ್ಕಾರು ಸಲ ಮಸೆಯುತ್ತೇನೆ. ಬಾಯಿ ತುಂಬ ಮುರಿದಿದ್ದರೆ ಮಾತ್ರ ಗ್ರೈಂಡರ್. ಅದೂ ಬರಿ ಬೆರಳಲ್ಲಿ ಹಿಡಿದು, ಬೆಚ್ಚಗಾದ ಕೂಡಲೇ ನೀರಿಗೆ. ನೀಲಿ ಬಣ್ಣ ತಿರುಗಿತೆಂದರೆ ಅಷ್ಟು ಭಾಗದ ಹದ ಹೋಯಿತು, ಅಷ್ಟನ್ನೂ ನಿಧಾನಕ್ಕೆ ಅರೆದು ತೆಗೆಯಬೇಕಾಗುತ್ತದೆ.

ಹಿಡಿಗೆ ಕರಿಜಾಲಿ ಒಳ್ಳೆಯದು, ಕೊಡತಿ ಏಟಿಗೆ ಸೀಳುವುದಿಲ್ಲ. ಮೇಲೆ ಅಗಸೆ ಎಣ್ಣೆ ಹಚ್ಚುತ್ತೇನೆ. ಎಣ್ಣೆ ಒರೆಸಿದ ಬಟ್ಟೆ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗೇ ಬೆಂಕಿ ಹತ್ತಬಹುದು. ಹರಡಿ ಹೊರಗೆ ಒಣಗಿಸಿ. ಕಬ್ಬಿಣಕ್ಕೆ ಹೊಲಿಗೆ ಮಷಿನ್ ಎಣ್ಣೆ ಸಾಕು, ಮಳೆಗಾಲದಲ್ಲಿ ಆಗಾಗ ಸವರಿದರಾಯಿತು.

ಗರಗಸ ಬೇರೆಯೇ ವಿದ್ಯೆ. ಹಲ್ಲಿಗೆ ಮೂರು ಮೂಲೆಯ ಅರ ಬೇಕು. ಮರ ಉದ್ದಕ್ಕೆ ಸೀಳುವ ಹಲ್ಲು ಉಳಿಯಂತೆ ನೇರ, ಅಡ್ಡಕ್ಕೆ ಕೊಯ್ಯುವುದು ಚಾಕುವಿನ ಮೊನೆಯಂತೆ ಓರೆ. ಮೊದಲ ಸಲ ಅರ ಹಿಡಿಯುವವರು ಸೀಳುವ ಗರಗಸದಿಂದ ಶುರು ಮಾಡಿ, ಅರವನ್ನು ಗರಗಸದ ತಗಡಿಗೆ ನೇರ ಅಡ್ಡಕ್ಕೆ ಹಿಡಿದರೆ ಆಯಿತು. ತಗಡು ಮಡಚಿ ಸೊಟ್ಟಗಾದ ಗರಗಸವನ್ನು ನಾನು ತರುವುದಿಲ್ಲ. ನಮ್ಮಲ್ಲಿ ಇನ್ನೂ ಕೈಯಿಂದ ಗರಗಸಕ್ಕೆ ಅರ ಹಾಕುವ ಹಿರಿಯ ಮೇಸ್ತ್ರಿಗಳಿದ್ದಾರೆ. ಅವರ ಪಕ್ಕ ಕೂತು ಒಮ್ಮೆ ನೋಡಿ. ಹಲ್ಲಿಗೆ ಎಷ್ಟು ಒತ್ತು, ಯಾವಾಗ ಅರ ಎತ್ತಬೇಕು ಅನ್ನುವುದನ್ನು ನಾನು ಕಲಿತದ್ದು ಹಾಗೇ.